ಎಡಗಡೆ ಚಕ್ರ ಇನ್ನೂ ಬಾಕಿ

ಮೊದಮೊದಲು ಆ ಸದ್ದು ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಮಾತ್ರ ಬರುತ್ತಿತ್ತು. ಬ್ರೇಕ್ ತುಳಿದಾಗ ಪಿಕಪ್‌ನ ಮುಂದಿನ ಚಕ್ರದಿಂದ ಕೀಂಯ್ ಅಂತ ತೆಳ್ಳಗೊಂದು ಕೂಗು. ನಾಲ್ಕಾರು ಸಲ ತುಳಿದ ಮೇಲೆ ನಿಂತುಬಿಡುತ್ತಿತ್ತು. ಆಮೇಲಾಮೇಲೆ ಮಧ್ಯಾಹ್ನವೂ ಬರತೊಡಗಿತು, ಸಂಜೆಯೂ ಬಂತು. ಅವಳು ಕೇಳಿಸಿದರೂ ಕೇಳಿಸದವಳ ಹಾಗೆ ಇದ್ದಳು. ಕೇಳಿಸಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ. ಮಾಡಲು ಹೊತ್ತೆಲ್ಲಿತ್ತು?

ಬೀದಿಯವರು ಅವಳನ್ನು ಲಾಂಡ್ರಿ ಅಕ್ಕ ಅನ್ನುತ್ತಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಬಟ್ಟೆ ಒಗೆಯುವ ದೊಡ್ಡ ಮೆಷೀನು, ಇಸ್ತ್ರಿಯ ಉದ್ದ ಮೇಜು, ಅದರಾಚೆ ತಂತಿಯ ಮೇಲೆ ಸಾಲಾಗಿ ಬಿಳಿ ಹಾಸುಬಟ್ಟೆ. ಸುತ್ತಲಿನ ಲಾಡ್ಜುಗಳ ಹಾಸಿಗೆ ಹೊದಿಕೆ, ಒಂದು ನರ್ಸಿಂಗ್ ಹೋಮಿನ ಶೀಟು, ಟವೆಲು, ಎಲ್ಲ ಅವಳ ಕೈಮೇಲೆ ಹೋಗಿ ಬರಬೇಕು. ಗಂಡ ಟ್ಯಾಂಕರ್ ಓಡಿಸುವವನು. ಹೋದರೆ ವಾರಗಟ್ಟಲೆ ಹೋದ. ಬಂದಾಗ ಎರಡು ದಿನ ನಿದ್ದೆ, ಅರ್ಧ ದಿನ ಮಾತು, ಮತ್ತೆ ಚಪ್ಪಲಿ ಮೆಟ್ಟಿದ. ಹಾಗಾಗಿ ಮನೆಯ ಹಳೇ ಪಿಕಪ್ ಓಡಿಸುವುದು, ಗಂಟು ಹೊರುವುದು, ಲಾಡ್ಜಿನವರ ಹತ್ತಿರ "ಈ ಕಲೆ ನಮ್ಮಲ್ಲಿ ಆದದ್ದಲ್ಲ ಸ್ವಾಮಿ" ಅಂತ ವಾದ ಮಾಡುವುದು ಎಲ್ಲ ಅವಳೇ. ಒದ್ದೆ ಬಟ್ಟೆಯ ತೂಕ ಹೊತ್ತವರಿಗೇ ಗೊತ್ತು. ಸಂಜೆ ಹೊತ್ತಿಗೆ ಅವಳ ಸೊಂಟ ತನ್ನದೇ ಬೇರೆ ಸಂಸಾರ ಹೂಡಿಕೊಂಡ ಹಾಗೆ ಮಾತು ಕೇಳುತ್ತಿರಲಿಲ್ಲ.

ಒಂದು ದಿನ ಆ ಕೂಗು ನಿಂತುಹೋಯಿತು. ಬದಲಿಗೆ ಗರಗರ ಅನ್ನುವ ಸದ್ದು ಶುರುವಾಯಿತು. ಅವಳು ಅಂಗಳಕ್ಕೆ ಗಾಡಿ ತಂದು ನಿಲ್ಲಿಸುವಾಗ ಜಗಲಿಯ ಮೇಲೆ ಕೂತಿದ್ದ ಮಾವ ತಲೆ ಎತ್ತಿದರು.

"ಏನಮ್ಮ ಅದು? ಕಬ್ಬಿಣ ಕಬ್ಬಿಣಾನ ತಿಂತಾ ಇದೆ."

"ಬ್ರೇಕು ಮಾವ. ಗ್ಯಾರೇಜಿಗೆ ಬಿಡಬೇಕು. ಅವನು ನೋಡಿದ್ರೆ ಈ ವಾರ ಆಗಲ್ಲ, ಗಾಡಿ ಬಿಟ್ಟುಹೋಗಿ, ಪುರುಸೊತ್ತಾದಾಗ ನೋಡ್ತೀನಿ ಅಂತಾನೆ. ಬಿಟ್ಟುಹೋದ್ರೆ ಬಟ್ಟೆ ನಾನು ತಲೆ ಮೇಲೆ ಹೊರಬೇಕು."

"ಗ್ಯಾರೇಜು ಯಾಕೆ? ನಾನು ಸತ್ತುಹೋಗಿದೀನಾ?" ಅಂದರು ಮಾವ. "ಪ್ಯಾಡು ತಗೊಂಡು ಬಾ. ಭಾನುವಾರ ಹಾಕಿಬಿಡೋಣ. ಮುಂದಿನ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಬೇಕು. ಒಂದೇ ಕಡೆ ಹಾಕಿದ್ರೆ ಬ್ರೇಕ್ ತುಳಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತೆ."

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಈ ಪಿಕಪ್ಪನ್ನು ಕೊಂಡಾಗಲೇ ಅದು ಇನ್ನೊಬ್ಬರು ಉಜ್ಜಿ ಬಿಟ್ಟಿದ್ದ ಗಾಡಿ. ಅದನ್ನು ಇಷ್ಟು ಕಾಲ ರಸ್ತೆಯ ಮೇಲೆ ಇಟ್ಟಿದ್ದು ಮಾವನ ಕೈ. ಗಂಡ ಮನೆಯಲ್ಲಿದ್ದಾಗ ಅಪ್ಪ ಮಗ ಸೇರಿ ಅದರ ಕೆಳಗೆ ಮಲಗಿ ಜಗಳವಾಡುತ್ತಾ ರಿಪೇರಿ ಮಾಡುತ್ತಿದ್ದರು. ಅವಳು ಟೀ ತಂದಿಟ್ಟು ಹೋಗುತ್ತಿದ್ದಳು, ಅಷ್ಟೆ.

ಭಾನುವಾರ ಬೆಳಿಗ್ಗೆ ತಂತಿಯ ಮೇಲಿನ ಬಟ್ಟೆ ಎಲ್ಲ ಒಳಗೆ ಹಾಕಿ, ಮೆಷೀನಿಗೆ ಇನ್ನೊಂದು ಸುತ್ತು ತುಂಬಿಟ್ಟು ಅವಳು ಅಂಗಳಕ್ಕೆ ಬಂದಳು. ನರ್ಸಿಂಗ್ ಹೋಮಿನ ಶೀಟುಗಳು ಸೋಮವಾರ ಬೆಳಿಗ್ಗೆ ಹೋಗಲೇಬೇಕು. ಅಷ್ಟರೊಳಗೆ ಗಾಡಿ ಎದ್ದು ನಿಲ್ಲಬೇಕು. ಅಂಗಳ ಕಿರಿದು. ಪಿಕಪ್ ಮೂತಿ ಒಳಗೆ ಮಾಡಿ ನಿಂತರೆ ಎಡಗಡೆ ಗೋಡೆಗೆ ಒತ್ತಿಕೊಳ್ಳುತ್ತದೆ, ಅಲ್ಲಿ ಬೆಕ್ಕು ಕೂಡ ಮೈ ಸವರಿಕೊಂಡೇ ಹೋಗಬೇಕು. ಹಾಗಾಗಿ ಮೊದಲು ಬಲಗಡೆಯ ಚಕ್ರ ಮುಗಿಸುವುದು, ಆಮೇಲೆ ಗಾಡಿಯನ್ನು ಹೊರಗೆ ತೆಗೆದು ಹಿಂಬದಿ ಒಳಗೆ ಮಾಡಿ ನಿಲ್ಲಿಸಿ ಎಡಗಡೆಯದು ಅಂತ ಮಾತಾಯಿತು.

ಮಾವ ಸ್ಟೂಲು ಹಾಕಿಕೊಂಡು ಕೂತರು. ಮಂಡಿ ಮಡಚಲು ಆಗುತ್ತಿರಲಿಲ್ಲ. ಹಾಗಾಗಿ ಕೈ ಅವಳದು, ಬಾಯಿ ಅವರದು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಮೊರ ಹಿಡಿದು ಕೂತಿದ್ದರು.

"ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ನಟ್ಟನ್ನ ಜಾಕ್ ಏರಿಸೋಕ್ಕಿಂತ ಮುಂಚೆ ಸಡಿಲ ಮಾಡ್ಕೋ. ಮೇಲೆತ್ತಿದ ಮೇಲೆ ಮಾಡಿದ್ರೆ ಚಕ್ರಾನೂ ತಿರುಗುತ್ತೆ, ನೀನೂ ತಿರುಗ್ತೀಯ."

ಅವಳು ಉದ್ದನೆಯ ವೀಲ್ ಸ್ಪ್ಯಾನರಿನ ಹಿಡಿಯ ಮೇಲೆ ನಿಂತು, ಮೈಭಾರವೆಲ್ಲ ಹಾಕಿ ಒಂದೊಂದೇ ನಟ್ಟು ಸಡಿಲಿಸಿದಳು. ಜಾಕ್ ಏರಿಸಿ ಕೆಳಗೆ ಸ್ಟ್ಯಾಂಡ್ ಕೊಟ್ಟಳು. ಚಕ್ರ ಬಿಚ್ಚಿದರೆ ಒಳಗೆ ಡಿಸ್ಕಿನ ಮೇಲೆ ಗೀರು ಗೀರು, ಹಳೇ ಗ್ರಾಮಫೋನ್ ತಟ್ಟೆಯ ಹಾಗೆ.

"ಈಗ ಪ್ಯಾಡನ್ನ ಹಿಡ್ಕೊಂಡಿರೋ ಆ ಕ್ಯಾಲಿಪರ್ ಬೋಲ್ಟು ಬಿಚ್ಚಬೇಕು. ಆ ಸ್ಪ್ಯಾನರ್ ತಗೋ. ಅದೇ... ಅದು..." ಮಾವ ಗಾಳಿಯಲ್ಲಿ ಬೆರಳು ತಿರುಗಿಸಿದರು.

"ಹದಿನಾಲ್ಕರದ್ದು," ಅಂದರು ಬಾಗಿಲಿನಿಂದ ಅತ್ತೆ, ಮೊರದಿಂದ ಕಣ್ಣೆತ್ತದೆ.

"ಅದೇ. ಹದಿನಾಲ್ಕು. ಇವಳಿಗೇನು, ಸುಮ್ನೆ ಇರೋಕಾಗಲ್ಲ."

"ಜೀವಮಾನವೆಲ್ಲ ನಿಮ್ಮ ಸ್ಪ್ಯಾನರ್ ತೊಳೆದಿಟ್ಟವಳು ನಾನು. ನನಗೆ ಗೊತ್ತಿರಲ್ವಾ?"

ಅವಳು ನಕ್ಕಳು. ಈ ಇಬ್ಬರ ಕಿತ್ತಾಟ ಹೊಸದಲ್ಲ. ಬೋಲ್ಟು ಬಿಚ್ಚಿ, ಕ್ಯಾಲಿಪರನ್ನು ಎತ್ತಿದಳು. ಅದನ್ನು ಪೈಪಿನ ಮೇಲೆ ಜೋತು ಬೀಳಲು ಬಿಡಬಾರದು, ತಂತಿ ಹಾಕಿ ಮೇಲಕ್ಕೆ ಕಟ್ಟು ಅಂದರು ಮಾವ. ಕಟ್ಟಿದಳು. ಒಳಗಿನ ಪ್ಯಾಡ್ ಕೈಗೆ ಬಂತು. ಉಜ್ಜುವ ಭಾಗ ಪೂರ್ತಿ ಸವೆದು ಬರೀ ಕಬ್ಬಿಣದ ತಗಡು ಉಳಿದಿತ್ತು. ಹೊರಗಿನದರಲ್ಲಿ ಮಾತ್ರ ಇನ್ನೂ ಒಂದಿಷ್ಟು ದಪ್ಪ ಇತ್ತು.

ಮಾವ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ತೂಗಿದರು. "ನೋಡು, ಒಂದೇ ಜೋಡಿ. ಒಂದು ದುಡಿದು ದುಡಿದು ಸತ್ತಿದೆ, ಇನ್ನೊಂದು ಹಾಯಾಗಿ ಕೂತಿದೆ. ಪಿನ್ನು ಹಿಡ್ಕೊಂಡಿದೆ ಅಂತ ಅರ್ಥ. ಆ ಪಿನ್ನಿನ ಮೇಲೆ ಕ್ಯಾಲಿಪರ್ ಆಕಡೆ ಈಕಡೆ ಜಾರಬೇಕು. ಜಾರದಿದ್ರೆ ಎಲ್ಲಾ ಭಾರ ಒಳಗಿನದರ ಮೇಲೇ ಬೀಳುತ್ತೆ."

ಈ ಗಾಡಿಗೂ ತನ್ನ ಮನೆಯ ವಿಚಾರ ಗೊತ್ತಾಗಿಬಿಟ್ಟಿದೆ ಅಂದುಕೊಂಡಳು ಅವಳು. ಹೇಳಲಿಲ್ಲ. ಪಿನ್ನುಗಳನ್ನು ಹೊರಗೆಳೆದು, ತುಕ್ಕು ಉಜ್ಜಿ, ಗ್ರೀಸ್ ಸವರಿದಳು. ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗ ಬೇಕು. ಪ್ಯಾಡನ್ನು ಡಿಸ್ಕಿಗೆ ಅದುಮುವ ಪಿಸ್ಟನ್ನು ಹೊರಗೆ ಬಂದು ನಿಂತಿತ್ತು, ಅದಕ್ಕೆ ಹಳೇ ಪ್ಯಾಡ್ ಒತ್ತಿ, ಕ್ಲಾಂಪ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾ ಒಳಗೆ ತಳ್ಳಿದಳು. ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕುತ್ತಿಲ್ಲವಲ್ಲ ಅಂತ ಮಾವ ಎದ್ದು ಹೋಗಿ ನೋಡಿದರು.

ಅಷ್ಟರಲ್ಲಿ ಶೆಡ್ಡಿನ ಮೆಷೀನು ಸುತ್ತು ಮುಗಿಸಿ ಗುಯ್ ಅಂತ ಕೂಗಿತು. ಅವಳು ಏಳಲು ಹೊರಟರೆ ಅತ್ತೆ, "ನೀನಿರು, ಗ್ರೀಸ್ ಕೈಯಲ್ಲಿ ಬಿಳೀ ಬಟ್ಟೆ ಮುಟ್ಟಬೇಡ ಮಾರಾಯ್ತಿ" ಅಂದು ಮೊರ ಕೆಳಗಿಟ್ಟರು. ಎದ್ದ ಮೇಲೂ ಒಂದು ಗಳಿಗೆ ಹಾಗೇ ನಿಂತು ಮಾವನ ಕಡೆ ನೋಡಿದರು. "ನಾನು ಬರೋವರೆಗೂ ಮುಂದಿನದು ಮಾಡಬೇಡಿ."

"ಯಾಕೆ, ನೀನೇನು ಇನ್‌ಸ್ಪೆಕ್ಟರಾ?" ಅಂದರು ಮಾವ.

ಅತ್ತೆ ಹೋದರು. ಹೊಸ ಪ್ಯಾಡುಗಳು ಕೂತವು. ಕ್ಯಾಲಿಪರ್ ಮುಚ್ಚಿತು. ಬೋಲ್ಟು, ಚಕ್ರ, ನಟ್ಟು. ಜಾಕ್ ಇಳಿಸಿ ಅವಳು ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಮೈಯೆಲ್ಲ ಬೆವರು, ಮೊಣಕೈವರೆಗೂ ಕಪ್ಪು.

"ಆಯ್ತಲ್ಲ," ಅಂದರು ಮಾವ ಸಮಾಧಾನದಿಂದ. "ಈಗ ತಿರುಗಿಸಿ ನಿಲ್ಲಿಸು. ಎಡಗಡೇದು ಬೇಗ ಆಗುತ್ತೆ."

ಅವಳು ಕಲ್ಲು ತೆಗೆದು, ಹತ್ತಿ ಕೂತು, ಹ್ಯಾಂಡ್‌ಬ್ರೇಕ್ ಬಿಟ್ಟು, ರಿವರ್ಸ್ ಗೇರಿನಲ್ಲಿ ಗೇಟು ದಾಟಿಸಿದಳು. ಅವರ ಬೀದಿ ಇಳಿಜಾರು. ಗಾಡಿಯ ಹಿಂಬದಿ ಏರಿನ ಕಡೆ, ಮೂತಿ ಇಳಿಜಾರಿನ ಕಡೆ ಆಯಿತು. ಗೇರ್ ಬದಲಿಸಲು ಕ್ಲಚ್ ಒತ್ತಿ ಬ್ರೇಕಿನ ಮೇಲೆ ಕಾಲಿಟ್ಟಳು.

ಪೆಡಲ್ ಏನೂ ತಡೆಯಿಲ್ಲದೆ ಸೀದಾ ನೆಲಕ್ಕೆ ಹೋಯಿತು.

ಗಾಡಿ ಮುಂದಕ್ಕೆ ಜಾರತೊಡಗಿತು. ಅವಳು ಇನ್ನೂ ಒತ್ತಿದಳು. ಒತ್ತಲು ಇನ್ನೇನೂ ಉಳಿದಿರಲಿಲ್ಲ, ಕಾಲು ನೆಲಕ್ಕೇ ತಾಗಿತ್ತು, ಆದರೂ ಒತ್ತಿಯೇ ಹಿಡಿದಿದ್ದಳು. ಗೇಟು ಪಕ್ಕದಲ್ಲಿ ಹಿಂದಕ್ಕೆ ಸರಿಯಿತು. ಪಕ್ಕದ ಮನೆಯ ಮೆಟ್ಟಿಲು ಸರಿಯಿತು. ಕೆಳಗಡೆ ತಿರುವಿನಲ್ಲಿ ಬಡಗಿಯ ಅಂಗಡಿ, ಅದರ ಮುಂದೆ ಬಗ್ಗಿ ನಿಂತು ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ ಬಡಗಿಯ ಬೆನ್ನು. ಹಾರ್ನ್ ಒತ್ತಿದಳು. ಇನ್ನೊಂದು ಕೈಯಲ್ಲಿ ಹ್ಯಾಂಡ್‌ಬ್ರೇಕನ್ನು ಕಿತ್ತುಬರುವ ಹಾಗೆ ಎಳೆದಳು. ಹಳೇ ಹ್ಯಾಂಡ್‌ಬ್ರೇಕ್ ಹಿಡಿದೂ ಹಿಡಿಯದ ಹಾಗೆ ಹಿಡಿಯಿತು. ಬಡಗಿ ತಿರುಗಿ ನೋಡಿದವನೇ ಉಜ್ಜುಗೊರಡು ಬಿಸಾಕಿ ಪಕ್ಕಕ್ಕೆ ನೆಗೆದ. ಅವಳು ಸ್ಟೇರಿಂಗ್ ಎಳೆದು ಗಾಡಿಯ ಮೂತಿಯನ್ನು ಮರದ ರಾಶಿಗೆ ತಿರುಗಿಸಿದಳು. ಹಲಗೆಗಳು ದಡದಡ ಉರುಳಿದವು. ಗೋಡೆಗೆ ಒರಗಿಸಿದ್ದ ಹೊಸ ಬಾಗಿಲ ಚೌಕಟ್ಟು ಬಂಪರಿನ ಕೆಳಗೆ ಸಿಕ್ಕಿ ಲಟಕ್ ಅಂತ ಮುರಿಯಿತು. ಗಾಡಿ ನಿಂತಿತು.

ಬಡಗಿ ಕಿಟಕಿಯ ಹತ್ತಿರ ಬಂದ. ಮುಖ ಬಿಳುಚಿತ್ತು, ಮೀಸೆಯ ಮೇಲೆಲ್ಲ ಮರದ ಹೊಟ್ಟು. "ಏನಕ್ಕ," ಅಂದ, ಉಸಿರು ಸಿಕ್ಕಿದ ಮೇಲೆ, "ಬಾಗಿಲು ಇನ್ನೂ ಕೂರಿಸಿಲ್ಲ, ಅಷ್ಟರಲ್ಲೇ ಒಳಗೆ ಬಂದುಬಿಟ್ರಲ್ಲ?"

ಅವಳಿಗೆ ಸ್ಟೇರಿಂಗಿನಿಂದ ಕೈ ಬಿಡಿಸಿಕೊಳ್ಳಲು ಬರಲಿಲ್ಲ. "ನಿಮಗೇನಾದ್ರೂ ಆಯ್ತಾ?" ಅಂದಳು.

"ನಂಗೇನೂ ಇಲ್ಲ. ಚೌಕಟ್ಟು ಹೋಯ್ತು. ಹೋಗ್ಲಿ ಬಿಡಿ, ಇನ್ನೊಂದು ಕೆತ್ತಬಹುದು. ಬ್ರೇಕ್ ಹಿಡೀಲಿಲ್ವಾ?"

ಅಷ್ಟರಲ್ಲಿ ಮಾವ ಬಂದರು. ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು, ಉಸಿರು ಮೇಲಕ್ಕೊಂದು ಕೆಳಕ್ಕೊಂದು. ಬಂದವರೇ ಅವಳ ಕಾಲಿನ ಕಡೆ ನೋಡಿದರು. "ಪೆಡಲ್ ತುಳಿ. ಬಿಟ್ಟು ಬಿಟ್ಟು ತುಳಿ. ಒಂದೇ ಸಮ ಒತ್ತಿ ಹಿಡಿದ್ರೆ ಆಗಲ್ಲ."

ಅವಳು ತುಳಿದಳು. ಬಿಟ್ಟಳು. ತುಳಿದಳು. ಒಂದೊಂದು ಸಲಕ್ಕೂ ಪೆಡಲ್ ಸ್ವಲ್ಪ ಸ್ವಲ್ಪ ಮೇಲೆ ಬಂತು, ಗಟ್ಟಿಯಾಯಿತು. ಕೊನೆಗೆ ಕಲ್ಲಿನ ಹಾಗೆ ನಿಂತಿತು. ಅಷ್ಟೇ ವಿಷಯ. ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದ ಮೇಲೆ ಅದು ಮತ್ತೆ ಮುಂದೆ ಬಂದು ಪ್ಯಾಡಿಗೆ ತಾಗುವವರೆಗೂ ಪೆಡಲನ್ನು ತುಳಿದು ತುಳಿದು ಎತ್ತಬೇಕು. ಗಾಡಿ ಅಲುಗಾಡುವ ಮುಂಚೆ ಮಾಡುವ ಕೆಲಸ. ಗಂಡನ ಮೇಲೆ ಮಾವ ಇದಕ್ಕಾಗಿಯೇ ರೇಗುತ್ತಿದ್ದದ್ದು ಅವಳಿಗೆ ಆಗ ನೆನಪಾಯಿತು. ಟೀ ಲೋಟ ಹಿಡಿದು ನಿಂತಾಗ ಎಷ್ಟು ಸಲ ಕೇಳಿದ್ದಳು, ತುಳೀದೆ ಗೇರಿಗೆ ಕೈ ಹಾಕಿದ್ರೆ ಕೈ ಮುರಿತೀನಿ ಅಂತ.

"ಮೊದಲೇ ತುಳೀಬೇಕಿತ್ತು," ಅಂದರು ಮಾವ. "ಹೇಳಿದ್ದೆನಲ್ಲ ನಿಂಗೆ."

"ಇಲ್ಲ ಮಾವ. ನೀವು ಹೇಳ್ಲಿಲ್ಲ."

"ಹೇಳ್ದೆ. ನೀನು ಕೇಳಿಸ್ಕೊಳ್ಲಿಲ್ಲ. ಯಾವಾಗ್ಲೂ ನಿನ್ನ ಮನಸ್ಸು ಬಟ್ಟೆ ಮೇಲೆ."

ಅಷ್ಟು ದಿನದ ಸುಸ್ತೆಲ್ಲ ಒಟ್ಟಿಗೆ ಸಿಟ್ಟಾಯಿತು. "ಹೇಳ್ಲಿಲ್ಲ! ಆಯ್ತಲ್ಲ ಅಂದ್ರಿ, ತಿರುಗಿಸು ಅಂದ್ರಿ, ಅಷ್ಟೇ. ಇವರ ಬೆನ್ನಿಗೆ ಹೋಗಿ ಗುದ್ದಿದ್ರೆ ಏನು ಮಾಡ್ಬೇಕಿತ್ತು ಮಾವ? ನೀವು ಹೇಳ್ಲೇ ಇಲ್ಲ!"

ಬೀದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಬಡಗಿ ಬಗ್ಗಿ ಹಲಗೆ ಆಯುವವನಂತೆ ಮುಖ ಆಕಡೆ ಮಾಡಿದ. ಮಾವನ ಬಾಯಿ ಇನ್ನೊಂದು ಮಾತಿಗೆ ತೆರೆದದ್ದು ಹಾಗೇ ನಿಂತಿತು. ಅವರು ಪೆಡಲನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. ಏನನ್ನೋ ಹುಡುಕುತ್ತಿರುವವರ ಮುಖ. ಆಮೇಲೆ ತಿರುಗಿ, ಒಂದೇ ಚಪ್ಪಲಿಯಲ್ಲಿ ಏರು ಹತ್ತಿಕೊಂಡು ಹೋದರು.

ಅವಳು ಗಾಡಿಯನ್ನು ನಿಧಾನವಾಗಿ ಮೇಲೆ ತಂದಳು. ಬಡಗಿ ಜೊತೆಯಲ್ಲೇ ನಡೆದು ಬಂದು, ಹಿಂಬದಿ ಒಳಗೆ ಮಾಡಿ ಅಂಗಳದಲ್ಲಿ ನಿಲ್ಲಿಸುವವರೆಗೂ ಕೈ ತೋರಿಸಿದ. ಹೋಗುವಾಗ ಅಂದ, "ಅಕ್ಕ, ಚೌಕಟ್ಟಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. ಮಿಲ್ಲಿಂದ ಒಂದು ಲೋಡು ಮರ ತಂದುಕೊಟ್ಟುಬಿಡಿ, ನಮ್ಮಿಬ್ಬರದೂ ಸರಿಹೋಯ್ತು." ಅವಳು ಆಯ್ತು ಅಂದಳು. ಮಾಡಬೇಕಾದ ಕೆಲಸಗಳ ಮೇಲೆ ಇನ್ನೊಂದು ಕೆಲಸ.

ಅಡುಗೆಮನೆಯಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಆರಿಹೋಗಿತ್ತು, ಅದನ್ನು ಒರೆಸಿಯೂ ಇರಲಿಲ್ಲ.

"ನಿಂಗೇನೂ ಆಗ್ಲಿಲ್ಲ ತಾನೇ?"

"ಇಲ್ಲ ಅತ್ತೆ."

"ನಾನು ಎದ್ದು ಹೋಗಬಾರದಿತ್ತು. ಬಟ್ಟೆ ಹಾಳಾಗಿ ಹೋಗ್ಲಿ ಅಂತ ಬಿಡಬೇಕಿತ್ತು."

ಅವಳು ಅತ್ತೆಯ ಮುಖ ನೋಡಿದಳು. ಹದಿನಾಲ್ಕರದ್ದು ಅಂತ ಬಾಗಿಲಿನಿಂದ ಬಂದ ಮಾತು, ನಾನು ಬರೋವರೆಗೂ ಮಾಡಬೇಡಿ ಅಂದದ್ದು, ಮಾವ ಎಲ್ಲಿ ಕೂತರೂ ಅಲ್ಲೇ ಎಲ್ಲೋ ಅತ್ತೆಗೂ ಒಂದು ಕೆಲಸ ಇರುತ್ತಿದ್ದದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಯಾವತ್ತಿಂದ ಅತ್ತೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಸರಿಯಾಗಿ ಗೊತ್ತಿಲ್ಲ. ಮೊದಲು ಹೆಸರು ಮರೀತಿದ್ರು. ನಂಗೂ ಮರೆಯುತ್ತೆ, ಯಾರಿಗೆ ಮರೆಯಲ್ಲ ಅಂದ್ಕೊಂಡೆ. ಆಮೇಲೆ ಒಂದಿನ ಕ್ಷೌರದ ಅಂಗಡೀಗೆ ಹೋದೋರು ಹೊತ್ತಾದ್ರೂ ಬರ್ಲಿಲ್ಲ. ಹೋಗಿ ನೋಡಿದ್ರೆ ಅಂಗಡಿ ಮುಂದೇನೇ ನಿಂತಿದಾರೆ, ಬಲಕ್ಕೆ ಹೋಗ್ಬೇಕೋ ಎಡಕ್ಕೋ ಅಂತ. ನನ್ನ ನೋಡಿದ ಕೂಡ್ಲೆ, ನಿನ್ನನ್ನೇ ಕಾಯ್ತಿದ್ದೆ ಕಣೇ ಅಂದ್ರು. ಅವತ್ತಿಂದ ಹಿಂದೆ ಹಿಂದೆ ತಿರುಗ್ತಿದೀನಿ. ಸ್ನಾನಕ್ಕೆ ಹೋದ್ರೂ ಬಾಗಿಲ ಹೊರಗೆ ನಿಂತಿರ್ತೀನಿ. ಬೆನ್ನು ಬಿದ್ದುಹೋಗಿದೆ ನಂಗೆ."

"ನಂಗೊಂದು ಮಾತು ಹೇಳಬಾರದಿತ್ತಾ?"

"ನಿನ್ನ ತಲೆ ಮೇಲೆ ಇನ್ನೆಷ್ಟು ಹೊರಿಸ್ಲಿ?" ಅಂದರು ಅತ್ತೆ. "ಅದೂ ಅಲ್ದೆ, ನಂಗೆ ಗೊತ್ತಾಗಿದೆ ಅನ್ನೋದು ಅವರಿಗೆ ತಿಳೀಬಾರದು ಅಂತ ಇತ್ತು. ಯಾರಿಗೂ ಗೊತ್ತಿಲ್ಲ ಅಂತ ಅವರು ಅಂದ್ಕೊಂಡಿದಾರೆ. ಮಗನಿಗೆ ಹೇಳಬೇಡ ಕಣಮ್ಮ."

ಅವಳು ಗೋಡೆಗೆ ಒರಗಿ ಅತ್ತೆಯ ಪಕ್ಕದಲ್ಲೇ ಕೂತಳು. ಕೈಯ ಗ್ರೀಸು ಗೋಡೆಗೆ ತಾಗಿತು, ತಾಗಲಿ ಅಂತ ಬಿಟ್ಟಳು. ಒಂದೇ ಮನೆಯಲ್ಲಿ, ಒಬ್ಬರಿಗೆ ಕಾಣದ ಹಾಗೆ ಇನ್ನೊಬ್ಬರು ದಣಿಯುತ್ತಿದ್ದರು ಅನ್ನುವುದು ಅವಳಿಗೆ ನಾಚಿಕೆಯ ಹಾಗೂ ಅನ್ನಿಸಿತು, ಸಮಾಧಾನದ ಹಾಗೂ ಅನ್ನಿಸಿತು.

"ಹೇಳ್ತೀನಿ ಅತ್ತೆ," ಅಂದಳು ಕೊನೆಗೆ. "ಹೇಳ್ದೆ ಇದ್ರೆ ನಾವಿಬ್ರೂ ಬೀಳ್ತೀವಿ."

ಗಂಡ ಎಲ್ಲೋ ದಾರಿಬದಿಯಲ್ಲಿ ಟ್ಯಾಂಕರ್ ನಿಲ್ಲಿಸಿಕೊಂಡು ಫೋನ್ ಎತ್ತಿದ. ಲಾರಿಗಳು ಹಾದುಹೋಗುವ ಸದ್ದು ಮಧ್ಯೆ ಮಧ್ಯೆ ಅವನ ಮಾತನ್ನು ನುಂಗುತ್ತಿತ್ತು. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಅಪ್ಪ ಪೆಡಲ್ ತುಳಿಯೋದು ಮರೆತ್ರಾ?" ಅಂದ. ಅವನಿಗೆ ಬೇರೆಲ್ಲಕ್ಕಿಂತ ಅದೊಂದೇ ನಂಬಲು ಆಗುತ್ತಿರಲಿಲ್ಲ. "ಅಪ್ಪ?"

"ಹೂಂ ರೀ."

"ಇನ್ಮೇಲೆ ಅವರ ಕೈಗೆ ಸ್ಪ್ಯಾನರ್ ಕೊಡಬೇಡ ಹಾಗಾದ್ರೆ."

"ಅದನ್ನ ನೀವು ಬಂದು ಹೇಳಿ. ನನ್ನ ಕೈಲಿ ಆಗಲ್ಲ."

"ಈ ಟ್ರಿಪ್ಪು ಮುಗಿಸಿ ಬರ್ತೀನಿ," ಅಂದ. ಆಮೇಲೆ, "ನೀನು ಊಟ ಮಾಡಿದ್ಯಾ?" ಅಂದ. ಮಾಡಿರಲಿಲ್ಲ. ಮಾಡಿದೆ ಅಂದಳು.

ಎಡಗಡೆ ಚಕ್ರ ಇನ್ನೂ ಬಾಕಿ ಇತ್ತು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಒಬ್ಬಳೇ ಅಂಗಳಕ್ಕೆ ಇಳಿದಳು. ಮಾವ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕರೆಯುವ ಮನಸ್ಸಾಗಲಿಲ್ಲ. ಬೆಳಿಗ್ಗೆ ಮಾಡಿದ್ದನ್ನೇ ಇನ್ನೊಂದು ಸಲ ಮಾಡುವುದಷ್ಟೆ ಅಂದುಕೊಂಡಳು. ಕಲ್ಲು, ನಟ್ಟು, ಜಾಕ್, ಸ್ಟ್ಯಾಂಡ್. ಕ್ಯಾಲಿಪರನ್ನು ಬಿಚ್ಚಿ ತಂತಿಯಲ್ಲಿ ಕಟ್ಟಿದಳು. ಹಳೇ ಪ್ಯಾಡು ತೆಗೆದಳು. ಆದರೆ ಕೆಳಗಿನ ಪಿನ್ನು ಹೊರಗೆ ಬರಲೊಲ್ಲದು. ಎಳೆದಳು, ಎಣ್ಣೆ ಬಿಟ್ಟಳು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು, ಜೋರಾಗಿ ತಟ್ಟಿದಳು. ಕೈ ಜಾರಿ ಗೆಣ್ಣಿನ ಚರ್ಮ ಕಿತ್ತುಬಂತು. ನೆಲದ ಮೇಲೆ ಕೂತುಬಿಟ್ಟಳು. ಸೋಮವಾರ ಬೆಳಿಗ್ಗೆಯ ಶೀಟುಗಳು ಶೆಡ್ಡಿನಲ್ಲಿ ಮಡಚಿ ಇಟ್ಟ ಹಾಗೇ ಕಾಯುತ್ತಿದ್ದವು.

ಕೊನೆಗೆ ಎದ್ದು ಕೋಣೆಯ ಬಾಗಿಲಿಗೆ ಹೋದಳು. "ಮಾವ, ಪಿನ್ನು ಬರ್ತಾ ಇಲ್ಲ."

ಮಾವ ಹೊದಿಕೆಯನ್ನು ಭುಜದ ಮೇಲಕ್ಕೆ ಎಳೆದುಕೊಂಡರು.

"ಸಮಾಧಾನ ಮಾಡೋಕೆ ಕರೀತಿಲ್ಲ ಮಾವ. ನಿಜವಾಗ್ಲೂ ಬರ್ತಾ ಇಲ್ಲ. ನೋಡಿ, ಕೈ ಕಿತ್ತುಹೋಗಿದೆ."

ಮಾವ ತಿರುಗಿ ಅವಳ ಕೈ ನೋಡಿದರು. ನಿಧಾನವಾಗಿ ಎದ್ದು ಕೂತರು. "ಸುತ್ತಿಗೆಯಲ್ಲಿ ಹೊಡೆದ್ಯಾ?"

"ಹೊಡೆದೆ."

"ಹೊಡೀಬಾರದು. ಹಲ್ಲು ಕೀಳೋರು ಸುತ್ತಿಗೆ ತರ್ತಾರಾ?"

ಅಂಗಳಕ್ಕೆ ಬಂದು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು. ಮಂಡಿ ನೋವನ್ನು ಬೈದುಕೊಂಡು ಬಗ್ಗಿ, ಪಿನ್ನಿನ ತಲೆಗೆ ಸ್ಪ್ಯಾನರ್ ಸಿಕ್ಕಿಸಿ, ಒಂದು ಕೂದಲೆಳೆಯಷ್ಟು ಮುಂದೆ, ಒಂದು ಕೂದಲೆಳೆಯಷ್ಟು ಹಿಂದೆ ತಿರುಗಿಸತೊಡಗಿದರು. ನಡುವೆ ಒಂದು ಹನಿ ಎಣ್ಣೆ. ಮತ್ತೆ ಮುಂದೆ, ಮತ್ತೆ ಹಿಂದೆ. ಅವಸರವೇ ಇಲ್ಲ. ಅವರ ಕೈಗೆ ಯಾರೂ ಏನನ್ನೂ ನೆನಪಿಸಬೇಕಾಗಿರಲಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು, ಆದರೆ ಬಾಯಿ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಪಿನ್ನು ಕೆಂಪು ತುಕ್ಕಿನ ಜೊತೆ ಜಾರಿ ಹೊರಗೆ ಬಂತು. ಮಾವ ಅದನ್ನು ಅವಳ ಅಂಗೈಗೆ ಹಾಕಿದರು.

ಉಳಿದದ್ದನ್ನು ಅವಳು ಮಾಡಿದಳು. ಗ್ರೀಸ್ ಸವರಿದಳು, ಪಿಸ್ಟನ್ ತಳ್ಳಿದಳು, ಹೊಸ ಪ್ಯಾಡು ಕೂರಿಸಿದಳು, ಚಕ್ರ ಹಾಕಿ ಬಿಗಿದಳು. ಜಾಕ್ ಇಳಿಸಿ ಮಾವನ ಕಡೆ ತಿರುಗಿದಳು.

"ಇನ್ನೇನು ಬಾಕಿ ಮಾವ?"

ಮಾವ ಚಕ್ರ ನೋಡಿದರು. ಬಾನೆಟ್ ನೋಡಿದರು. ತುಟಿ ಅಲುಗಿತು. ಅತ್ತೆ ಒಂದು ಹೆಜ್ಜೆ ಮುಂದೆ ಬಂದವರು ಅವಳ ಕಣ್ಣು ನೋಡಿ ಅಲ್ಲೇ ನಿಂತರು. ಬೆಳಿಗ್ಗೆ ಇದೇ ಕೆಲಸಕ್ಕೆ ಬೀದಿಯಲ್ಲಿ ಅಷ್ಟೊಂದು ರಂಪವಾಗಿತ್ತು. ಅದು ನೆನಪಿದೆ, ಆದರೆ ಯಾವುದಕ್ಕೆ ಅನ್ನುವುದು ಮಾತ್ರ ಕೈಗೆ ಸಿಗುತ್ತಿಲ್ಲ ಅನ್ನುವಂತೆ ಅವರ ಮುಖ ಇತ್ತು. ಹಣೆ ಉಜ್ಜಿಕೊಂಡರು.

"ಗೊತ್ತಾಗ್ತಿಲ್ಲಮ್ಮ," ಅಂದರು. ಆಮೇಲೆ, ಅವಳು ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಕೇಳದೇ ಇದ್ದ ಸಣ್ಣ ದನಿಯಲ್ಲಿ, "ನೀನೇ ಹೇಳು."

"ಪೆಡಲ್ ತುಳೀಬೇಕು ಮಾವ. ಗಟ್ಟಿ ಆಗೋವರೆಗೂ."

"ಹೌದು," ಅಂದರು ಮಾವ. "ಹೌದು. ತುಳಿ."

ಅವಳು ಹತ್ತಿ ಕೂತು ತುಳಿದಳು. ಪೆಡಲ್ ನೆಲಕ್ಕೆ ಹೋಗಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಬಂತು. ಕೆಳಗೆ ಸ್ಟೂಲಿನ ಮೇಲೆ ಕೂತು ಮಾವ ಚಕ್ರದ ಮೇಲೆ ಅಂಗೈ ಇಟ್ಟುಕೊಂಡಿದ್ದರು. "ಹಿಡೀತು," ಅಂದರು. "ಈಗ ಬಿಡು."

ಸೋಮವಾರ ಶೀಟುಗಳು ಹೊತ್ತಿಗೆ ಸರಿಯಾಗಿ ಹೋದವು. ಹೊಸ ಪ್ಯಾಡು ಒಗ್ಗುವವರೆಗೂ ಜೋರಾಗಿ ತುಳಿಯಬೇಡ ಅಂತ ಬೆಳಿಗ್ಗೆ ಮಾವ ಎರಡೆರಡು ಸಲ ಹೇಳಿ ಕಳಿಸಿದರು, ಎರಡನೇ ಸಲ ಹೇಳಿದಾಗ ಅವಳು ಮೊದಲ ಸಲ ಕೇಳಿದವಳಂತೆ ತಲೆಯಾಡಿಸಿದಳು. ಬಡಗಿಗೆ ಮಿಲ್ಲಿನಿಂದ ಮರ ತಂದುಹಾಕಿದಳು. ಗಂಡ ಬಂದ. ಬಂದವನು ಸ್ಪ್ಯಾನರ್ ವಿಷಯ ಎತ್ತಲಿಲ್ಲ. ಅಪ್ಪನ ಪಕ್ಕದಲ್ಲಿ ಜಗಲಿಯ ಮೇಲೆ ಕೂತು ಯಾವುದೋ ಹಳೇ ಬಸ್ಸಿನ ಇಂಜಿನ್ ಬಗ್ಗೆ ಮಾತಾಡಿದ, ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಬಂದ. ಹತ್ತಿರದ ಟ್ರಿಪ್ಪು ಕೊಡಿ ಅಂತ ಮಾಲೀಕರನ್ನು ಕೇಳುತ್ತೇನೆ ಅಂದ. ಕೇಳಿದ ಕೂಡ. ನೋಡೋಣ ಅಂದರಂತೆ. ಮತ್ತೆ ದೂರದ ಟ್ರಿಪ್ಪಿಗೇ ಹೋದ.

ಡಾಕ್ಟರ ಹತ್ತಿರ ಹೋಗಲು ಮಾವ ಒಪ್ಪಿದ್ದು ಪಿಕಪ್ಪಿನಲ್ಲಿ ಆದರೆ ಬರುತ್ತೇನೆ, ಆಟೋದಲ್ಲಿ ಬರಲ್ಲ ಅಂತ. ಅತ್ತೆ ನಡುವೆ ಮುದುಡಿ ಕೂತರು, ಮಾವ ಕಿಟಕಿಯ ಕಡೆ. ಕ್ಲಿನಿಕ್ಕಿನ ಮುಂದೆ ಇಬ್ಬರನ್ನೂ ಇಳಿಸಿ, ನೀವು ಚೀಟಿ ಹಾಕಿಸಿ ಕೂತಿರಿ, ಗಾಡಿ ನಿಲ್ಲಿಸಿ ಬರ್ತೀನಿ ಅಂದಳು. ಬೇವಿನ ಮರದ ನೆರಳಿನಲ್ಲಿ ಜಾಗ ಸಿಕ್ಕಿತು. ಇಂಜಿನ್ ಆರಿಸಿ, ಒಂದೇ ಒಂದು ನಿಮಿಷ ಅಂತ ಸ್ಟೇರಿಂಗಿನ ಮೇಲೆ ತಲೆಯಿಟ್ಟಳು.

ಯಾರೋ ಕಿಟಕಿ ಬಡಿದಾಗ ಬೆಚ್ಚಿ ಎದ್ದಳು. ನೆರಳು ಆಚೆ ಸರಿದುಹೋಗಿ ಬಿಸಿಲು ಮಡಿಲಲ್ಲಿ ಬಿದ್ದಿತ್ತು. ಹೊರಗೆ ಮಾವ ನಿಂತಿದ್ದರು, ಹಿಂದೆಯೇ ಓಡಿಬಂದ ಅತ್ತೆ ಏದುಸಿರು ಬಿಡುತ್ತಿದ್ದರು.

"ಡಾಕ್ಟ್ರು ನಿನ್ನ ಕರೀತಿದಾರೆ," ಅಂದರು ಮಾವ. ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ಬೇಡ, ಮಲಕ್ಕೋ. ಇನ್ನೊಂದು ಸ್ವಲ್ಪ ಹೊತ್ತು ಮಲಕ್ಕೋ. ನಾವು ಕಾಯ್ತೀವಿ ಅಂತ ಹೇಳಿ ಬರ್ತೀನಿ."

"ಇಲ್ಲ ಮಾವ, ಬಂದೆ," ಅಂದು ಅವಳು ಬಾಗಿಲು ತೆಗೆದು ಇಳಿದಳು.